ಕೂಗಿದರೆ ಗಿರಾಕಿ ಬಂದಾನೆಯೆ?

ಮಾರುವ ವಿದ್ಯೆಯೊಂದು ಈಗ ಊರೂರಿಗೂ ಬಂದಿದೆ. ಮಾರ್ಕೆಟಿಂಗ್ ಎಂದು ಅದಕ್ಕೆ ಹೆಸರು. ಹುಮನಾಬಾದಿನ ಕಿರಾಣಿಯವನೂ ಬಸವಕಲ್ಯಾಣದ ಅರಿವೆ ಅಂಗಡಿಯವನೂ ಈ ವಿದ್ಯೆಯನ್ನು ಕಲಿಯದಿದ್ದರೆ ಉಳಿಯಲಾರರೆಂದು ದೊಡ್ಡ ಊರುಗಳ ಬೋಧಕರು ಸಾರುತ್ತಾರೆ. ಅವರು ಹೇಳುವುದಾದರೂ ಏನು? ಫಲಕ ದೊಡ್ಡದಾಗಬೇಕು, ದೀಪ ಝಗಝಗಿಸಬೇಕು, ರಿಯಾಯಿತಿಯ ಚೀಟಿ ಮನೆಮನೆಗೆ ಹೋಗಬೇಕು, ಆಟೋರಿಕ್ಷಾದ ನೆತ್ತಿಯ ಮೇಲೆ ಧ್ವನಿವರ್ಧಕ ಹೊತ್ತು ಮುಳುಗುವ ತನಕ ಕೂಗಬೇಕು, ಫೋನಿನಲ್ಲಿ ದಿನಕ್ಕೊಂದು ಕುಣಿತದ ಚಿತ್ರ ಹೊರಡಬೇಕು. ಒಟ್ಟಿನಲ್ಲಿ ಸಣ್ಣವನು ದೊಡ್ಡವನಂತೆ ಕಾಣಬೇಕು. ನನ್ನ ವಾದ ಇದಕ್ಕೆ ನೇರ ವಿರುದ್ಧವಾದುದು. ಸಣ್ಣ ಅಂಗಡಿಯನ್ನು ಕೊಲ್ಲುತ್ತಿರುವುದರಲ್ಲಿ ಈ ಅನುಕರಣೆಯ ಪಾಲೂ ಸಾಕಷ್ಟಿದೆ.

ಕನ್ನಡ ಪಾಠ ಹೇಳುವವನಿಗೆ ತಕ್ಕಡಿಯ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಬಹುದು. ಈ ಪ್ರಶ್ನೆಯನ್ನು ಬೇರೆಲ್ಲಿ ಕೇಳಿದರೂ ಕಲ್ಯಾಣದಲ್ಲಿ ಕೇಳಬಾರದು. ಹನ್ನೆರಡನೆಯ ಶತಮಾನದ ನಮ್ಮ ಸಾಹಿತ್ಯದಲ್ಲಿ ಹೆಸರಿಗೆ ಮೊದಲು ಕಸುಬು ನಿಂತಿದೆ. ಮೇದಾರ ಕೇತಯ್ಯ ಬಿದಿರಿನವನು, ನುಲಿಯ ಚಂದಯ್ಯ ಹಗ್ಗದವನು, ಕದಿರ ರೆಮ್ಮವ್ವೆ ನೂಲಿನವಳು. ಮೋಳಿಗೆಯ ಮಾರಯ್ಯ ಸೌದೆಯ ಹೊರೆ ಮಾರಿ ಬದುಕಿದವನು. ಮಾಡಿದ್ದನ್ನು ಮಾರದೆ ಇವರ ಒಲೆ ಉರಿಯುತ್ತಿರಲಿಲ್ಲ. ಮಾರಾಟವನ್ನು ಕೀಳೆಂದು ಬಗೆಯುವ ಪಾಂಡಿತ್ಯ ವಚನಗಳನ್ನು ಅರ್ಧ ಮಾತ್ರ ಓದಿದೆ ಎಂದೇ ನನ್ನ ತಿಳಿವಳಿಕೆ. ಅಲ್ಲದೆ, ನಮ್ಮ ತರಗತಿಗಳಲ್ಲಿ ಕುಳಿತವರಲ್ಲಿ ಅನೇಕರು ಅಂಗಡಿಕಾರರ ಮಕ್ಕಳು. ಅಪ್ಪನ ಅಂಗಡಿ ಮುಚ್ಚಿದರೆ ಹುಡುಗ ಪುಣೆಗೋ ಹೈದರಾಬಾದಿಗೋ ಹೋಗಿ ಮೋಟಾರ್ ಸೈಕಲ್ಲಿನ ಮೇಲೆ ಇನ್ನೊಬ್ಬರ ಪೊಟ್ಟಣ ಹಂಚುತ್ತಾನೆ. ಇದು ಮೇಷ್ಟರಿಗೆ ಸಂಬಂಧಿಸಿದ ವಿಷಯವಲ್ಲವೆ?

ಮೊದಲು ರಿಯಾಯಿತಿಯ ಮಾತು. ನೂರು ರೂಪಾಯಿಗೆ ಮಾರುವ ಸಾಮಾನಿನಲ್ಲಿ ಹತ್ತು ರೂಪಾಯಿ ಉಳಿಯುತ್ತದೆ ಎನ್ನೋಣ. ಐದು ಬಿಟ್ಟುಕೊಟ್ಟರೆ ಉಳಿಯುವುದು ಐದು. ಹಿಂದಿನ ಆದಾಯವೇ ಬರಬೇಕಾದರೆ ಎರಡರಷ್ಟು ಸಾಮಾನು ಮಾರಬೇಕು. ಎಂಟು ಬಿಟ್ಟರೆ ಐದರಷ್ಟು ಮಾರಬೇಕು. ಊರಿನ ಹೊಟ್ಟೆಗಳು ಐದರಷ್ಟಾದವೆ? ದೊಡ್ಡ ಕಂಪನಿ ವರ್ಷಗಟ್ಟಲೆ ನಷ್ಟದಲ್ಲಿ ಮಾರಬಲ್ಲದು. ಅದರ ಬೆನ್ನಿಗೆ ಹಣ ಹೂಡಿದವರಿದ್ದಾರೆ. ಸಣ್ಣ ವ್ಯಾಪಾರಿಯ ಬೆನ್ನಿಗಿರುವುದು ಹೆಂಡತಿಯ ಬಂಗಾರ. ಬೆಲೆಯ ಕಣದಲ್ಲಿ ಇವನು ಅವರೊಡನೆ ಕುಸ್ತಿಗೆ ಇಳಿದಾಗಲೇ ಸೋತ. ಇನ್ನು ಬೆಲೆ ಏರಿಸಿ ಬರೆದು, ಆಮೇಲೆ ಗೀಟು ಹೊಡೆದು ಇಳಿಸುವ ಜಾಣತನವೊಂದಿದೆ. ನಗರದಲ್ಲಿ ಗಿರಾಕಿ ಇವತ್ತು ಬಂದವನು ನಾಳೆ ಬಾರದೆ ಹೋಗಬಹುದು, ಅವನ ಬದಲು ಇನ್ನೊಬ್ಬ ಬಂದಾನು. ಹುಮನಾಬಾದಿನಂಥ ಊರಿನಲ್ಲಿ ಮೋಸ ಹೋದವನು ಒಬ್ಬನೇ ಹೋಗುವುದಿಲ್ಲ. ಅವನ ಹಿಂದೆ ಅವನ ಓಣಿಯೇ ಹೋಗುತ್ತದೆ.

ತರಕಾರಿ ಮಾರುವ ಮುದುಕಿಯನ್ನು ನೋಡಿರಿ. ತೂಕ ಮುಗಿದ ಮೇಲೆ ಎರಡು ಮೆಣಸಿನಕಾಯಿ, ಒಂದೆಸಳು ಕೊತ್ತಂಬರಿ ಚೀಲಕ್ಕೆ ಹಾಕುತ್ತಾಳೆ. ಅದು ಕೊಸರು. ಅವಳ ತೂಕ ಮೊದಲೇ ಸರಿಯಿರುವುದರಿಂದ ಆ ಕೊಸರಿಗೆ ಬೆಲೆ. ತೂಕದಲ್ಲಿ ಕದ್ದು ಚೀಟಿಯಲ್ಲಿ ಕೊಡುವವನ ಉಡುಗೊರೆಗೆ ಆ ಬೆಲೆ ಎಲ್ಲಿಂದ ಬರಬೇಕು? ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿದ ಕಥೆ ನಮಗೆಲ್ಲ ಬಾಯಿಪಾಠ. ಅಳತೆಯ ವಿಚಾರವಾಗಿ ಅದಕ್ಕಿಂತ ದೊಡ್ಡ ಪಾಠವನ್ನು ಯಾವ ಬೋಧಕನೂ ಹೇಳಲಾರ.

ಎರಡನೆಯದು ಹೆಸರು. ಪೇಟೆಯಲ್ಲಿ ನಡೆದರೆ ಬಸವ, ಶರಣ, ಕಾಯಕ, ಕಲ್ಯಾಣ ಎಂಬ ಮಾತುಗಳು ಫಲಕಗಳ ಮೇಲೆ ಧಾರಾಳವಾಗಿ ಕಾಣುತ್ತವೆ. ಒಳಗೆ ಹೋಗಿ ರಶೀದಿ ಕೇಳಿದರೆ ಮುಖ ಗಂಟಾಗುತ್ತದೆ. ಎಂಟುನೂರು ವರ್ಷಗಳ ಪುಣ್ಯವನ್ನು ಬಿಟ್ಟಿ ಜಾಹೀರಾತಿಗೆ ಬಳಸಿಕೊಳ್ಳುವ ಈ ಪದ್ಧತಿ ಭಕ್ತಿಯೂ ಅಲ್ಲ, ವ್ಯಾಪಾರವೂ ಅಲ್ಲ. ಎಲ್ಲರೂ ಒಂದೇ ಹೆಸರನ್ನು ಇಟ್ಟುಕೊಂಡರೆ ಗಿರಾಕಿಗೆ ಗುರುತು ಹತ್ತುವುದೆಂತು?

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದಾಯಿತು. ಒಳ್ಳೆಯದೇ. ಆದರೆ ‘ಎಕ್ಸ್‌ಕ್ಲೂಸಿವ್ ಲೇಡೀಸ್ ಶೋರೂಂ’ ಎಂಬುದನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಬಣ್ಣದವನಿಗೆ ಕೂಲಿ ಸಿಕ್ಕಿತು, ಅಷ್ಟೇ. ಹಳ್ಳಿಯಿಂದ ಬಂದ ಹೆಣ್ಣುಮಗಳಿಗೆ ಒಳಗೆ ಇಳಕಲ್ ಸೀರೆ ಇದೆಯೋ ಇಲ್ಲವೋ, ಅದರ ದರವೇನು ಎಂದು ತಿಳಿಯಲಿಲ್ಲ. ‘ಇಳಕಲ್ ಸೀರೆ ಇಲ್ಲಿದೆ, ದರ ಇಷ್ಟು’ ಎಂಬ ಒಂದು ಸಾಲು ಆ ಫಲಕದ ಹತ್ತುಪಟ್ಟು ಕೆಲಸ ಮಾಡುತ್ತದೆ. ಖಡಕ್ ರೊಟ್ಟಿ, ಹಪ್ಪಳ, ಶೇಂಗಾ ಚಟ್ನಿಗಳ ಪೊಟ್ಟಣವನ್ನೂ ನೋಡಿರಿ. 2011ರ ಪೊಟ್ಟಣ ಸರಕಿನ ನಿಯಮಗಳು ತಯಾರಕರ ವಿಳಾಸ, ತೂಕ, ತಿಂಗಳು, ಬೆಲೆಗಳನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮುದ್ರಿಸಬೇಕೆನ್ನುತ್ತವೆ. ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಅಡ್ಡಿಯಿಲ್ಲದ ಆ ಜಾಗವನ್ನು ನಾವು ಖಾಲಿ ಬಿಡುತ್ತೇವೆ. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆಯಿದು. ಪೇಟೆಯಲ್ಲಿ ಕನ್ನಡದೊಡನೆ ಮರಾಠಿಯೂ ದಖನಿಯೂ ನಡೆಯುತ್ತವೆ. ಕನ್ನಡದ ಕೆಳಗೆ ಮರಾಠಿ ಮತ್ತು ಉರ್ದುವಿನಲ್ಲಿ ಒಂದೊಂದು ಸಾಲು ಸೇರಿಸಿದರೆ ಕನ್ನಡಕ್ಕೆ ಕುಂದಿಲ್ಲ. ಗಿರಾಕಿಗೆ ಮರ್ಯಾದೆ ಸಿಕ್ಕೀತು.

ಮೂರನೆಯದು ಉದ್ರಿ. ಹೊಸ ವಿದ್ಯೆಯವರಿಗೆ ಈ ಶಬ್ದ ಕೇಳಿದರೆ ಮೈಮೇಲೆ ಹಲ್ಲಿ ಬಿದ್ದಂತಾಗುತ್ತದೆ. ‘ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ’ ಎಂಬ ಗಾದೆಯನ್ನು ಮುಂದಿಡುತ್ತಾರೆ. ವೀರಭದ್ರೇಶ್ವರನ ಊರಾದ ಹುಮನಾಬಾದಿನವರಿಗೆ ಈ ಗಾದೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮಿತಿಯಿಲ್ಲದ ಉದ್ರಿ ಮನೆ ಮುರಿಯುತ್ತದೆ, ಒಪ್ಪಿದೆ. ಆದರೆ ತೊಗರಿಯ ರಾಶಿಯಾಗುವವರೆಗೆ ರೈತನ ಕೈಯಲ್ಲಿ ರೊಕ್ಕವಿರುವುದಿಲ್ಲ, ಕೂಲಿಯವನಿಗೆ ವಾರದ ಬಟವಾಡೆಯ ದಿನವೇ ಹಬ್ಬ ಎಂಬುದು ಅಂಗಡಿಯ ಸಾಹುಕಾರನಿಗೆ ಗೊತ್ತು. ಯಾರಿಗೆ ಎಷ್ಟು, ಎಷ್ಟು ದಿನ ಎಂಬುದೂ ಗೊತ್ತು. ಈ ತಿಳಿವಳಿಕೆಯನ್ನು ಸಂಪಾದಿಸಲು ದೊಡ್ಡ ಕಂಪನಿಗಳು ಯಂತ್ರಗಳಿಗೆ ಕೋಟ್ಯಂತರ ರೂಪಾಯಿ ಸುರಿಯುತ್ತಿವೆ. ನಮ್ಮವನು ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ಅದನ್ನು ಇಟ್ಟುಕೊಂಡೂ ತಾನು ಹಿಂದುಳಿದವನೆಂದು ನಾಚುತ್ತಾನೆ! ಬೇಕಾದದ್ದು ಇಷ್ಟೇ: ಮನೆಗೊಂದು ಮಿತಿ, ಬರೆದ ಲೆಕ್ಕ, ತಿಂಗಳಿಗೊಮ್ಮೆ ಅದನ್ನು ಗಿರಾಕಿಗೆ ಓದಿ ಹೇಳುವ ರೂಢಿ. ಫೋನು ಈ ಕೆಲಸಕ್ಕೆ ಒದಗಲಿ. ಇವತ್ತಿನ ಬೇಳೆಯ ದರ, ಇವತ್ತು ಬಂದ ಮಾಲು ಎಂದು ನಾಲ್ಕು ಸಾಲು ಕನ್ನಡದಲ್ಲಿ ಹೋಗಲಿ. ಫೋನಿನ ಮೇಲೆ ನನಗೆ ದ್ವೇಷವಿಲ್ಲ. ಕುಣಿತದ ಮೇಲೆ ಸ್ವಲ್ಪ ಇದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಕ್ಕಟ್ಟು. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದಿನಲ್ಲಿ ಬೀದರ–ಕಲಬುರಗಿಯ ದಾರಿಯನ್ನು ಸಂಧಿಸುತ್ತದೆ. 2017ರಲ್ಲಿ ಬೀದರ–ಕಲಬುರಗಿ ರೈಲೂ ಬಂದಿತು. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಮಾಣಿಕನಗರಕ್ಕೂ ಯಾತ್ರಿಕರು ಬರುತ್ತಾರೆ. ಬಂದವರು ಏನನ್ನು ಕೊಂಡೊಯ್ಯುತ್ತಾರೆ? ಧಾರವಾಡಕ್ಕೆ ಪೇಡೆಯಿದೆ, ಗೋಕಾಕಕ್ಕೆ ಕರದಂಟಿದೆ, ಬೀದರಿಗೆ ಬಿದರಿಯಿದೆ. ಕಲಬುರಗಿಯ ತೊಗರಿಬೇಳೆ 2019ರಲ್ಲಿ ಭೌಗೋಳಿಕ ಸೂಚಿ ಪಡೆಯಿತು. ನಮ್ಮ ಎರಡೂ ಊರುಗಳ ಹೆಸರು ಹೊತ್ತು ಹೊರಹೋಗುವ ಸಾಮಾನು ಯಾವುದು?

ಅದನ್ನು ಒಬ್ಬ ಅಂಗಡಿಕಾರ ಕಟ್ಟಲಾರ. ಇಪ್ಪತ್ತು ಜನ ಕೂಡಿದರೆ ಕಟ್ಟಬಲ್ಲರು. 1959ರಲ್ಲಿ ಮುಂಬಯಿಯಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಅದೇ ಇಂದು ದೇಶವೆಲ್ಲ ಬಲ್ಲ ಲಿಜ್ಜತ್. ಒಂದೇ ಹದ, ಒಂದೇ ತೂಕ, ಒಂದೇ ಹೆಸರು. ಅಯ್ಯಾವೊಳೆಯ ಐನೂರ್ವರು ತಮಿಳು ನಾಡಿನವರೆಗೂ ಶಾಸನಗಳಲ್ಲಿ ಹೆಸರು ನಿಲ್ಲಿಸಿದ್ದು ಒಬ್ಬೊಬ್ಬರಾಗಿ ಹೋಗಿ ಅಲ್ಲ. ಆ ಪರಂಪರೆಯ ನಾಡಿನಲ್ಲಿ ಇಂದು ಎದುರುಬದುರಿನ ಇಬ್ಬರು ಅಂಗಡಿಕಾರರು ಐದು ರೂಪಾಯಿಯ ರಿಯಾಯಿತಿಗಾಗಿ ಒಬ್ಬರ ಕುತ್ತಿಗೆಯನ್ನು ಒಬ್ಬರು ಹಿಸುಕುತ್ತಿದ್ದಾರೆ. ಇಬ್ಬರ ಗಿರಾಕಿಯನ್ನೂ ಫೋನಿನೊಳಗಿನ ಮೂರನೆಯವನು ಒಯ್ಯುತ್ತಿದ್ದಾನೆ.

ನವಿಲನ್ನು ನೋಡಿ ಕೆಂಬೂತ ಪುಕ್ಕ ತರೆದುಕೊಂಡಿತಂತೆ. ನಮ್ಮ ವ್ಯಾಪಾರಿಗಳು ಪುಕ್ಕದ ಆಸೆಯನ್ನು ಬಿಡಲಿ. ಸರಿಯಾದ ತೂಕ, ತಿಳಿಯುವ ಭಾಷೆ, ಬರೆದ ಲೆಕ್ಕ, ನೆರೆಯವನೊಡನೆ ಒಪ್ಪಂದ, ಇವು ನಾಲ್ಕಕ್ಕೆ ಬಂಡವಾಳ ಹೆಚ್ಚು ಬೇಡ. ಇವನ್ನು ಮಾಡಿ ನೋಡದೆ ಕಾಲವನ್ನು ಬಯ್ಯುವ ಹಕ್ಕು ಅವರಿಗೆ ಇಲ್ಲ. ಅವರಂಗಡಿಯ ಮುಂದೆಯೇ ಹಾದುಹೋಗಿ ಹೊರಗಿನ ಪೊಟ್ಟಣಕ್ಕೆ ಕಾಯುವ ನಮಗೂ ಇಲ್ಲ.