ಫ್ಯಾನಿಗೆ ಸ್ಟಾರ್ ಉಂಟು, ಮನೆಗಿಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಏನೇನು ವಿಚಾರಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕಾವೇರಿ ನೀರೋ ಬೋರೋ, ಅಡ್ವಾನ್ಸ್ ಎಷ್ಟು, ಬಾಗಿಲು ಪೂರ್ವಕ್ಕಿದೆಯೇ, ಗಾಡಿ ಎಲ್ಲಿ ನಿಲ್ಲಿಸುವುದು. ಓನರ್ ಕೂಡ ತಿರುಗಿ ಕೇಳುತ್ತಾರೆ, ಮನೆಯಲ್ಲಿ ಎಷ್ಟು ಜನ, ಅಡುಗೆ ಏನು ಮಾಡುತ್ತೀರಿ ಅಂತ. ಏಪ್ರಿಲ್‌ನಲ್ಲಿ ಈ ಮಲಗುವ ಕೋಣೆ ಎಷ್ಟು ಕಾಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ‘ಗಾಳಿ ಚೆನ್ನಾಗಿ ಬರುತ್ತೆ’ ಎಂಬ ಉತ್ತರ ಸಿದ್ಧವಿರುತ್ತದೆ.

ಎ.ಸಿ.ಗೂ ಫ್ರಿಜ್ಜಿಗೂ ಸ್ಟಾರ್ ಚೀಟಿ ಕಡ್ಡಾಯವಾಗಿ ಬಹಳ ವರ್ಷವಾಯಿತು. 2023ರಿಂದ ಸೀಲಿಂಗ್ ಫ್ಯಾನಿಗೂ ಅದು ಬೇಕೇ ಬೇಕು. ಎರಡು ಸಾವಿರ ಚಿಲ್ಲರೆಯ ಫ್ಯಾನ್ ಕೊಳ್ಳುವಾಗ ಸ್ಟಾರ್ ಎಣಿಸುವ ನಾವು, ಅದನ್ನು ನೇತುಹಾಕುವ ಸ್ಲ್ಯಾಬಿನ ಗುಣ ಕೇಳದೆ ಲಕ್ಷಗಟ್ಟಲೆ ಅಡ್ವಾನ್ಸ್ ಎಣಿಸಿಕೊಡುತ್ತೇವೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ ಮಾರುವವರಿಗೆ 2007ರಿಂದ, ಬಾಡಿಗೆಗೆ ಕೊಡುವವರಿಗೆ 2008ರಿಂದ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದು. ಮನೆಯ ಇಂಧನ ದಕ್ಷತೆಗೆ ‘ಎ’ಯಿಂದ ‘ಜಿ’ವರೆಗಿನ ದರ್ಜೆ ಕೊಡುವ ಸರ್ಟಿಫಿಕೇಟ್ ತೋರಿಸಬೇಕು, ಅದರ ಅವಧಿ ಹತ್ತು ವರ್ಷ. 2020ರ ಏಪ್ರಿಲ್‌ನಿಂದ, ವಿನಾಯಿತಿ ಇಲ್ಲದ ಹೊರತು, ‘ಇ’ಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವಂತೆಯೇ ಇಲ್ಲ. ಫ್ರಾನ್ಸ್ ಇನ್ನೂ ಬಿಗಿ. ಅಲ್ಲಿ ‘ಎಫ್’, ‘ಜಿ’ ಮನೆಗಳ ಬಾಡಿಗೆ ಏರಿಕೆಗೆ 2022ರಲ್ಲೇ ತಡೆ ಬಿತ್ತು. 2025ರ ಜನವರಿಯಿಂದ ‘ಜಿ’ ಮನೆಗೆ ಹೊಸ ಕರಾರು ಮಾಡದಂತೆ ಕಾನೂನು ಬಂತು. ಲೋಪಗಳೂ ಇವೆ ಅನ್ನಿ. ಬ್ರಿಟನ್ನಿನ ತಪಾಸಕರು ಮನೆ ಎಷ್ಟು ಇಂಧನ ಉರಿಸುತ್ತದೆ ಎಂದು ಅಳೆಯುವುದಿಲ್ಲ. ಗೋಡೆ, ಕಿಟಕಿ, ಬಾಯ್ಲರ್ ನೋಡಿ ಲೆಕ್ಕ ಹಾಕುತ್ತಾರೆ. ಫ್ರಾನ್ಸಿನ ಸೂತ್ರ ಪುಟ್ಟ ಮನೆಗಳಿಗೆ ಅನ್ಯಾಯ ಮಾಡುತ್ತಿದೆಯೆಂದು 2024ರಲ್ಲಿ ಅದನ್ನೇ ತಿದ್ದಬೇಕಾಯಿತು.

ನಮ್ಮಲ್ಲೂ ಕಾಗದದ ಮೇಲೆ ಎಲ್ಲ ಇದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ‘ಇಕೊ ನಿವಾಸ ಸಂಹಿತೆ’ ತಂದಿತು, ಮರುವರ್ಷ ಮನೆಗಳಿಗೂ ಐದು ಸ್ಟಾರಿನ ಲೇಬಲ್ ಘೋಷಿಸಿತು. ಆ ಸಂಹಿತೆಯ ಪ್ರಕಾರ ಸೂರಿನ ಮೂಲಕ ಒಳಬರುವ ಶಾಖಕ್ಕೆ ಒಂದು ಮಿತಿಯುಂಟು. ಬರೀ ಆರ್‌ಸಿಸಿ ಮೋಲ್ಡು ಆ ಮಿತಿಯ ಹತ್ತಿರವೂ ಬರುವುದಿಲ್ಲ. ಆದರೆ ಲೇಬಲ್ ಐಚ್ಛಿಕ. ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನು ಕಾನೂನಿನ ಒಳಗೆ ಎಳೆದುಕೊಂಡಿತಾದರೂ ಅದು ನೂರು ಕಿಲೋವ್ಯಾಟ್ ಲೋಡಿನ ದೊಡ್ಡ ಕಟ್ಟಡಗಳ ಮಾತು. ತರ್ಟಿ ಫಾರ್ಟಿ ಸೈಟಿನಲ್ಲಿ ಎದ್ದ ನಾಲ್ಕಂತಸ್ತಿಗೂ ಅದಕ್ಕೂ ಸಂಬಂಧವಿಲ್ಲ.

ಆ ನಾಲ್ಕಂತಸ್ತನ್ನೇ ಸ್ವಲ್ಪ ನೋಡಿ. ಓನರ್ ಸಾಮಾನ್ಯವಾಗಿ ಕೆಳಗೋ ಮೊದಲ ಮಹಡಿಯಲ್ಲೋ ಇರುತ್ತಾರೆ. ತುತ್ತತುದಿಯ ಮನೆ ಬಾಡಿಗೆಯವರಿಗೆ. ಮಧ್ಯಾಹ್ನ ಎರಡಕ್ಕೆ ಅಲ್ಲಿ ನಲ್ಲಿ ತಿರುಗಿಸಿದರೆ ಟ್ಯಾಂಕಿನಿಂದ ಸುಡುನೀರು. ದಿನವಿಡೀ ಕಾದ ಮೋಲ್ಡು ಕತ್ತಲಾದ ಮೇಲೆ ಶಾಖವನ್ನು ಒಳಗೆ ಬಿಡುತ್ತದೆ. ರಾತ್ರಿ ಹತ್ತಕ್ಕೆ ಹೊರಗೆ ತಂಗಾಳಿ ಬೀಸುತ್ತಿದ್ದರೂ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಮಕ್ಕಳು ಚಾಪೆ ಹಿಡಿದು ತಾರಸಿಗೆ ಹೋಗುತ್ತಾರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಇಂಥ ಮನೆಯವರು ಕೊನೆಗೆ ಕಂತಿನಲ್ಲಿ ಎ.ಸಿ. ತರುತ್ತಾರೆ. ಆಗ ಉಚಿತ ವಿದ್ಯುತ್ತಿನ ಗೃಹಜ್ಯೋತಿಯ ಲೆಕ್ಕ ತಪ್ಪುತ್ತದೆ: ತಿಂಗಳಿಗೆ 200 ಯೂನಿಟ್ ದಾಟಿತೆಂದರೆ ಹೆಚ್ಚಾದಷ್ಟಕ್ಕಲ್ಲ, ಇಡೀ ಬಿಲ್ಲಿಗೆ ದುಡ್ಡು ಕಟ್ಟಬೇಕು. ಸೂರು ಹೇಗಿರಬೇಕೆಂದು ತೀರ್ಮಾನಿಸುವವರು ಓನರ್, ಅದರ ಬಿಲ್ಲು ಕಟ್ಟುವವರು ಬಾಡಿಗೆದಾರರು. ತಾರಸಿಗೆ ಸುಣ್ಣ ಬಳಿದರೆ ತಂಪಾಗುವುದು ಮೇಲಿನವರ ಕೋಣೆಯಾದ್ದರಿಂದ ಕೆಳಗಿನವರಿಗೆ ಅವಸರವಿಲ್ಲ.

ಹಾಗಂತ ಹಳೆಯ ಮನೆಗಳಿಗೆಲ್ಲ ತಪಾಸಕರನ್ನು ಕಳಿಸಿ ಐದು ಸ್ಟಾರ್ ಹಚ್ಚಿಸಿ ಎಂದು ನಾನು ಹೇಳಲಾರೆ. ಅದು ಇನ್ನೊಂದು ಸರ್ಟಿಫಿಕೇಟು, ಇನ್ನೊಬ್ಬ ಏಜೆಂಟು, ಇನ್ನೊಂದು ಕವರು ಎಂದಾದೀತು. ಟು-ಲೆಟ್ ಜಾಹೀರಾತಿನಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು: ಸೂರಿಗೆ ಬಿಳಿ ಲೇಪನವೋ ಟೈಲ್ಸೋ ಆಗಿದೆಯೇ ಅಥವಾ ಬರೀ ಮೋಲ್ಡೇ, ಪಶ್ಚಿಮದ ಕಿಟಕಿಗೆ ಸಜ್ಜಾ ಇದೆಯೇ, ಎದುರುಬದುರು ಕಿಟಕಿಗಳಿವೆಯೇ, ಕಳೆದ ಏಪ್ರಿಲ್-ಮೇ ತಿಂಗಳ ಯೂನಿಟ್ ಎಷ್ಟು. ಕೊನೆಯದಂತೂ ಆರ್‌ಆರ್ ನಂಬರಿನ ಜೊತೆಗೇ ಬೆಸ್ಕಾಂ ಬಳಿ ಇದೆ. ಹಿಂದೆ ಇದ್ದವರು ಮಿತವ್ಯಯಿಗಳೋ ದುಂದುಗಾರರೋ ಯಾರಿಗೆ ಗೊತ್ತು ಎಂಬ ಆಕ್ಷೇಪ ನ್ಯಾಯವೇ; ಅದಕ್ಕೇ ಬಿಲ್ಲೊಂದನ್ನೇ ನೆಚ್ಚದೆ ಸೂರನ್ನೂ ಕೇಳಬೇಕು. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ಹೊರಡಿಸಿತು. ಅಷ್ಟು ದೂರ ಹೋಗುವ ಮನಸ್ಸು ನಮಗೆ ಇಲ್ಲದಿದ್ದರೆ ಜಾಹೀರಾತಿನಿಂದಲಾದರೂ ಶುರುವಾಗಲಿ.

ಮೇಲಂತಸ್ತಿನ ಸತ್ಯ ಹೊರಬಿದ್ದರೆ ತಂಪು ಮನೆಗಳ ಬಾಡಿಗೆ ಏರುವುದಿಲ್ಲವೇ? ಏರೀತು. ಕಾಯುವ ಮನೆಯ ಬಾಡಿಗೆ ಇಳಿಯಲೂಬಹುದು. ಈಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೇಟು.

ಮನೆ ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಈ ಊರಿನ ರೂಢಿ. ಅದರಲ್ಲಿ ಒಂದು ಪಾಲು ತಾರಸಿಯ ಬಿಳಿ ಬಣ್ಣಕ್ಕೆ ಎಂದು ಹನ್ನೊಂದು ತಿಂಗಳ ಕರಾರಿನಲ್ಲಿ ಬರೆಸಿಕೊಳ್ಳಲು ಯಾವ ಬ್ಯೂರೊದ ಅಪ್ಪಣೆಯೂ ಬೇಕಿಲ್ಲ.