ಜೀರ್ಣೋದ್ಧಾರವೆಂದರೆ ಬಣ್ಣ ಬಳಿಯುವುದಲ್ಲ

ದೇವಸ್ಥಾನದ ಗೋಡೆಗೆ ಸುಣ್ಣ ಬಳಿದು, ಬಿರಿದ ತೊಲೆಯನ್ನು ಹಾಗೆಯೇ ಬಿಟ್ಟರೆ ಅದನ್ನು ಯಾರೂ ಜೀರ್ಣೋದ್ಧಾರವೆಂದು ಕರೆಯುವುದಿಲ್ಲ. ಹಳೆಯ ಮೋಟಾರು ಕಾರುಗಳ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆತಂತೆ ಕಾಣುತ್ತದೆ. ಮೈಗೆ ಹೊಸ ಬಣ್ಣ, ಬಂಪರಿಗೆ ಹೊಳಪು, ಸೀಟಿಗೆ ಹೊಸ ಹೊದಿಕೆ ಬಂದೊಡನೆ ‘ಗಾಡಿ ಹೊಸದಾಯಿತು’ ಎನ್ನುತ್ತೇವೆ. ಚಾಲಕನ ಕೈಗೂ ಮುಂದಿನ ಚಕ್ರಗಳಿಗೂ ನಡುವೆ ನಿಂತು, ಗಾಡಿಯನ್ನು ದಾರಿಯಲ್ಲಿಡುವ ಕಂಬವೊಂದುಂಟು. ಗ್ಯಾರೇಜಿನವರು ಅದನ್ನು ಸ್ಟೀರಿಂಗ್ ಕಾಲಂ ಎನ್ನುತ್ತಾರೆ. ಅದರ ಯೋಗಕ್ಷೇಮ ವಿಚಾರಿಸುವವರು ವಿರಳ. ಹಳೆಯ ಕಾರನ್ನು ಉಳಿಸಬೇಕೆನ್ನುವವರು ಮೊದಲು ಹಣ ವೆಚ್ಚ ಮಾಡಬೇಕಾದದ್ದು ಈ ಕಂಬದ ಮೇಲೆ ಎಂಬುದು ನನ್ನ ಅಭಿಪ್ರಾಯ.

ನಮಗೆಲ್ಲ ಪರಿಚಿತವಾದ ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾಲಿಕೆಯನ್ನು ಆಧರಿಸಿ, ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿತು. ಇದರ ಕಂಬದ ರಚನೆ ಸರಳವಾದದ್ದು. ಹೊರಗೊಂದು ಕೊಳವೆ, ಒಳಗೊಂದು ಉಕ್ಕಿನ ದಂಡ, ದಂಡವು ಅಲುಗಾಡದಂತೆ ಹಿಡಿದಿಡುವ ಬುಷ್‌ಗಳು. ದಂಡದ ಕೆಳತುದಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯನ್ನು ತಿರುಗಿಸುತ್ತದೆ; ಅದು ರ‍್ಯಾಕ್ ಎಂಬ ಹಲ್ಲುಳ್ಳ ಸರಳನ್ನು ಎಡಕ್ಕೂ ಬಲಕ್ಕೂ ಸರಿಸಿ ಚಕ್ರಗಳನ್ನು ಹೊರಳಿಸುತ್ತದೆ. ಹಳೆಯ ಅಂಬಾಸಡರ್‌ಗಳಲ್ಲಿ ಗೇರಿನ ಹಿಡಿಯೂ ಈ ಕಂಬದ ಮೇಲೆಯೇ ಇದ್ದುದರಿಂದ ಅದರ ಮೇಲಿನ ಭಾರ ಇಮ್ಮಡಿ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮೂರಿನ ಗ್ಯಾರೇಜೊಂದರಲ್ಲಿ ಇಂಥ ಕಾರಿನ ರಿಪೇರಿಯನ್ನು ಮೂರು ದಿನ ನಿಂತು ನೋಡಿದೆ. ಸ್ಟೀರಿಂಗ್ ಚಕ್ರವನ್ನು ತುಸು ತಿರುಗಿಸಿದರೆ ಗಾಡಿಯ ಚಕ್ರಗಳು ಮಿಸುಕುತ್ತಲೇ ಇರಲಿಲ್ಲ. ಮೇಸ್ತ್ರಿಯು ಹುಡುಗನೊಬ್ಬನನ್ನು ಒಳಗೆ ಕೂರಿಸಿ, ಚಕ್ರವನ್ನು ಮೆಲ್ಲಗೆ ಅತ್ತಿತ್ತ ಆಡಿಸಲು ಹೇಳಿ, ತಾನು ಬ್ಯಾಟರಿ ದೀಪ ಹಿಡಿದು ಕೆಳಗೆ ಮಲಗಿದ. ಮೇಲಿನ ಅಲುಗಾಟ ಎಲ್ಲಿಗೆ ಬಂದು ನಿಲ್ಲುತ್ತದೆಯೋ ಅಲ್ಲಿಯೇ ಸವಕಳಿ ಎಂಬುದು ಅವನ ಪರೀಕ್ಷೆ. ಮೇಲಿನ ಬುಷ್ ಪುಡಿಯಾಗಿತ್ತು. ಕೆಳಗಿನ ಜೋಡಣೆಯೂ ಸಡಿಲಾಗಿತ್ತು. ಜೋಡಣೆಗೆ ಒಂದಿಷ್ಟು ವೆಲ್ಡಿಂಗ್ ಬಿಟ್ಟು ಮುಗಿಸಿ, ಉಳಿದ ಹಣವನ್ನು ಬಣ್ಣಕ್ಕೆ ಹಾಕಿರೆಂದು ಯಜಮಾನರು ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ. “ಬಣ್ಣ ಹೋದ್ರೆ ನಿಮಗೊಬ್ಬರಿಗೆ ನಷ್ಟ ಸ್ವಾಮಿ. ಇದು ಮುರಿದ್ರೆ ದಾರೀಲಿ ಹೋಗೋರಿಗೆ” ಎಂದ. ನೀತಿಶಾಸ್ತ್ರದ ಪಾಠವೊಂದನ್ನು ಇಷ್ಟು ಅಡಕವಾಗಿ ನಾನು ಬೇರೆಲ್ಲೂ ಕೇಳಿಲ್ಲ.

ಈ ಕೆಲಸಕ್ಕೆ ಬಲಕ್ಕಿಂತ ಕ್ರಮ ಮುಖ್ಯ. ಹಾರನ್ನಿನ ತಂತಿ ಕಂಬದೊಳಗೇ ಹಾಯುವುದರಿಂದ ಮೊದಲು ಬ್ಯಾಟರಿಯನ್ನು ಕಳಚಬೇಕು. ಬಿಚ್ಚುವ ಮುನ್ನ ಜೋಡಣೆಯ ಎರಡು ಭಾಗಗಳಿಗೂ ಗುರುತು ಹಾಕಬೇಕು. ಸ್ಟೀರಿಂಗ್ ಚಕ್ರವನ್ನು ಪುಲ್ಲರಿನಿಂದ ಎಳೆದು ತೆಗೆಯಬೇಕೇ ಹೊರತು ದಂಡದ ತುದಿಗೆ ಸುತ್ತಿಗೆಯಿಂದ ಬಡಿಯಬಾರದು. ಬುಷ್ ಅಂಗಡಿಯಲ್ಲಿ ಸಿಗದಿದ್ದರೆ ಲೇತಿನಲ್ಲಿ ಕಡೆಸಬಹುದು. ದಂಡವೇ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸುವುದೊಂದೇ ದಾರಿ. ಮತ್ತೆ ಕೂಡಿಸುವಾಗ ರ‍್ಯಾಕನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಸುತ್ತುಗಳನ್ನೆಣಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಬೇಕು. ಆಗ ಮುಂದಿನ ಚಕ್ರಗಳೂ ಸ್ಟೀರಿಂಗ್ ಚಕ್ರವೂ ನೇರವಾಗಿರಬೇಕು. ಕಂಬವನ್ನು ಡ್ಯಾಶ್‌ಬೋರ್ಡಿನ ಕೆಳಗೆ ಹಿಡಿಯುವ ಬೋಲ್ಟುಗಳನ್ನು ಕೊನೆಗೆ ಬಿಗಿಯಬೇಕು. ಮೊದಲೇ ಬಿಗಿದರೆ ದಂಡ ಓರೆಯಾಗಿ ಬಿಗಿ ಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಗಾಡಿಯ ಮುಂಭಾಗವನ್ನೆತ್ತಿ ಭದ್ರವಾದ ಆಧಾರ ಕೊಟ್ಟು, ಕೊನೆಯಿಂದ ಕೊನೆಗೆ ತಿರುಗಿಸಿ ನೋಡಬೇಕು. ಎಲ್ಲಿಯೂ ತಡೆಯಿರಬಾರದು. ರಸ್ತೆಯ ಪರೀಕ್ಷೆ ಆಮೇಲಿನ ಮಾತು.

ಇದಕ್ಕೊಂದು ಆಕ್ಷೇಪವುಂಟು. ಹಳೆಯ ಭಾಗಗಳನ್ನು ಬದಲಾಯಿಸುತ್ತ ಹೋದರೆ ಕಾರಿನ ಮೂಲರೂಪವೇ ಕೆಡುವುದಿಲ್ಲವೇ? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮಗಳನ್ನು ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಆದರೆ ಆ ನಿಯಮ ಬೇಡವೆನ್ನುವುದು ಚಾಸಿ, ಮೈಕಟ್ಟು, ಎಂಜಿನ್ನುಗಳ ಮಾರ್ಪಾಟನ್ನು. ಬುಷ್ ಹುಟ್ಟಿರುವುದೇ ಸವೆಯಲಿಕ್ಕೆ. ತಾನು ಸವೆದು ದಂಡವನ್ನು ಕಾಯಲಿಕ್ಕೆ. ಎತ್ತಿನ ಗಾಡಿಗೆ ಹೊಸ ಕಡಾಣಿ ಹಾಕಿದರೆ ಗಾಡಿಯೇ ಬೇರೆಯಾಯಿತೆಂದು ಯಾವ ರೈತನೂ ಹೇಳಲಾರ. ಹಳೆಯದನ್ನು ಉಳಿಸಬೇಕು, ನಿಜ. ಅದರ ಸವಕಳಿಯನ್ನೂ ಉಳಿಸಬೇಕೆಂದೇನೂ ಇಲ್ಲ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಹಿಂದಿನ ಕಾರುಗಳಲ್ಲಿ ಈ ಕಂಬ ಸಾಮಾನ್ಯವಾಗಿ ಬಗ್ಗದ ಉಕ್ಕು. ಎದುರಿನಿಂದ ಡಿಕ್ಕಿಯಾದರೆ ಅದು ಈಟಿಯಂತೆ ಚಾಲಕನ ಎದೆಗೆ ನುಗ್ಗುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1967ರ ಮಾದರಿಯ ಕಾರುಗಳಲ್ಲಿ ಹೊಡೆತಕ್ಕೆ ಕುಸಿಯುವ ಕಂಬವನ್ನು ಅಳವಡಿಸಿತು. 1968ರ ಜನವರಿಯಿಂದ ಆ ದೇಶದ ಕಾನೂನು, ಅಪಘಾತದಲ್ಲಿ ಕಂಬ ಹಿಂದಕ್ಕೆ ನುಗ್ಗುವುದಕ್ಕೆ ಮಿತಿ ಹಾಕಿತು. ಹಳೆಯ ಕಾರಿಗೆ ಆ ರಕ್ಷೆ ಇಲ್ಲ. ಡಿಕ್ಕಿಯಾದ ಮೇಲೆ ಕಾಪಾಡಲಾರದ ಗಾಡಿಯಲ್ಲಿ, ಡಿಕ್ಕಿಯಾಗದಂತೆ ಕಾಪಾಡುವ ಭಾಗವಾದರೂ ನೆಟ್ಟಗಿರಬೇಡವೇ?

‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯನ್ನು ನಾವು ಮನುಷ್ಯರಿಗೆ ಅನ್ವಯಿಸುತ್ತೇವೆ. ವಾಹನಗಳಿಗೂ ಅದು ಸಲ್ಲುತ್ತದೆ. ಹಳೆಯ ಕಾರುಗಳ ಮೆರವಣಿಗೆಗಳಲ್ಲಿ ಬಹುಮಾನ ಕೊಡುವ ತೀರ್ಪುಗಾರರು ಬಣ್ಣವನ್ನು ನೋಡುವ ಮುನ್ನ ಸ್ಟೀರಿಂಗ್ ಚಕ್ರವನ್ನೊಮ್ಮೆ ಅಲುಗಿಸಿ ನೋಡಲಿ ಎಂಬುದು ನನ್ನ ವಿನಂತಿ. ವಾಚಕರಲ್ಲಿ ಯಾರ ಮನೆಯ ಅಂಗಳದಲ್ಲಾದರೂ ಅಜ್ಜನ ಕಾಲದ ಕಾರು ನಿಂತಿದ್ದರೆ, ಅವರಿಗೂ ಇದೇ ಮಾತು. ಈ ವರ್ಷದ ಹಣ ಕಂಬಕ್ಕೆ ಸಲ್ಲಲಿ. ಬಣ್ಣ ಮುಂದಿನ ವರ್ಷದವರೆಗೂ ಕಾದೀತು.

— ಅಂತಿಮ ಬಿ.ಎ. ವಿದ್ಯಾರ್ಥಿ