ಕವಚಕ್ಕೂ ಒಂದು ಸಾಲಾವಳಿ

ರಾತ್ರಿ ಹನ್ನೊಂದಾದರೂ ಕಂಪ್ಯೂಟರಿನ ಮುಂದಿನಿಂದ ಏಳದ ಮಗನನ್ನು ಕಂಡು ‘ಆಟವಾಡುತ್ತಿದ್ದಾನೆ’ ಎಂದು ಗೊಣಗುವ ತಾಯಿತಂದೆಗಳಿಗೆ ಒಂದು ಸಂಗತಿ ತಿಳಿದಿರಲಾರದು. ಹುಡುಗನು ಆ ಹೊತ್ತಿನಲ್ಲೆಲ್ಲ ಆಡುತ್ತಿರುವುದಿಲ್ಲ; ಬಹುಪಾಲು ಲೆಕ್ಕ ಮಾಡುತ್ತಿರುತ್ತಾನೆ. ಶಾಲೆಯಲ್ಲಿ ತ್ರೈರಾಶಿಗೆ ಬೆನ್ನು ತೋರಿಸಿದವನೇ ಇಲ್ಲಿ ದಶಮಾಂಶದ ಎರಡನೆಯ ಸ್ಥಾನದವರೆಗೆ ಗುಣಿಸಿ, ಕೂಡಿಸಿ, ಎರಡು ನಿಲುವಂಗಿಗಳಲ್ಲಿ ಯಾವುದು ಮೇಲೆಂದು ನಿರ್ಣಯಿಸುತ್ತಾನೆ. ಆ ನಿಲುವಂಗಿಗಳಾದರೋ ಯಾವ ದರ್ಜಿಯೂ ಹೊಲಿದವಲ್ಲ.

೨೦೦೪ರ ನವೆಂಬರಿನಲ್ಲಿ ಅಮೆರಿಕದ ಬ್ಲಿಜರ್ಡ್ ಕಂಪನಿಯವರು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ಹೊರತಂದರು. ೨೦೧೦ರ ಹೊತ್ತಿಗೆ ಅದಕ್ಕೆ ೧ ಕೋಟಿ ೨೦ ಲಕ್ಷ ಮಂದಿ ಚಂದಾದಾರರಿದ್ದರು. ಅಲ್ಲಿ ಒಬ್ಬೊಬ್ಬನದೂ ಒಂದೊಂದು ವೇಷ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಇನ್ನೊಬ್ಬ ಗಾಯ ಮಾಯಿಸುವ ಪುರೋಹಿತ. ಹತ್ತು ಅಥವಾ ಇಪ್ಪತ್ತೈದು ಜನ ಕೂಡಿ ದೈತ್ಯನೊಬ್ಬನನ್ನು ಕೊಂದರೆ ಅವನ ಭಂಡಾರದಿಂದ ಕತ್ತಿ, ಕವಚ, ಉಂಗುರಗಳು ದೊರೆಯುತ್ತವೆ. ಪ್ರತಿಯೊಂದರ ಮೇಲೂ ಅಂಕಿಗಳು: ಇಷ್ಟು ಬುದ್ಧಿಬಲ, ಇಷ್ಟು ದೇಹಬಲ, ಇಷ್ಟು ಚುರುಕು. ಹೊಸದನ್ನು ತೊಡಬೇಕೋ ಹಳೆಯದನ್ನೇ ಇಟ್ಟುಕೊಳ್ಳಬೇಕೋ ಎಂಬುದೇ ಆಟಗಾರನ ಚಿಂತೆ.

ಈ ಚಿಂತೆಯನ್ನು ಹಗುರಗೊಳಿಸಲು ಆಟಗಾರರೇ ಕೆಲವು ಪುಟ್ಟ ತಂತ್ರಾಂಶಗಳನ್ನು ಬರೆದುಕೊಂಡರು. ಅವಕ್ಕೆ ಆಡ್‌ಆನ್ ಎಂದು ಹೆಸರು. ಬರೆಯುವ ಭಾಷೆ ‘ಲೂವಾ’; ೧೯೯೩ರಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದ ವಿಶ್ವವಿದ್ಯಾನಿಲಯವೊಂದರಲ್ಲಿ ಹುಟ್ಟಿದ್ದು. ಪೋರ್ಚುಗೀಸಿನಲ್ಲಿ ಆ ಪದಕ್ಕೆ ಚಂದ್ರನೆಂದು ಅರ್ಥವಂತೆ. ನಿದ್ದೆಗೆಡಿಸುವ ವಿದ್ಯೆಗೆ ತಕ್ಕ ಹೆಸರು! ಆಡ್‌ಆನನ್ನು ಯಾರೂ ಹಣಕ್ಕೆ ಮಾರತಕ್ಕದ್ದಲ್ಲ, ಅದರ ಬರಹವನ್ನು ಎಲ್ಲರೂ ಓದುವಂತಿರಬೇಕು ಎಂದು ಕಂಪನಿಯು ೨೦೦೯ರಲ್ಲಿ ನಿಯಮ ಮಾಡಿತು. ಆಟಗಾರನ ಪರವಾಗಿ ತಾನೇ ಕತ್ತಿ ಬೀಸುವ ಜಾಣತನಕ್ಕಂತೂ ೨೦೦೬ರಲ್ಲಿಯೇ ಕಡಿವಾಣ ಬಿದ್ದಿತ್ತು.

ಸಜ್ಜನ್ನು ತೂಗುವ ಆಡ್‌ಆನ್‌ಗಳಲ್ಲಿ ‘ಪಾನ್’ ಎಂಬುದು ಹೆಸರಾದದ್ದು. ಅದರ ಉಪಾಯ ಬಲು ಸರಳ. ಒಂದು ನಿಲುವಂಗಿಯಲ್ಲಿ ಬುದ್ಧಿಬಲ ೯೦, ಚುರುಕು ೪೦. ಇನ್ನೊಂದರಲ್ಲಿ ಬುದ್ಧಿಬಲ ೮೦, ಚುರುಕು ೬೦ ಎಂದಿಟ್ಟುಕೊಳ್ಳಿ. ಒಂದು ಬುದ್ಧಿಬಲಕ್ಕೆ ಒಂದು ರೂಪಾಯಿ, ಒಂದು ಚುರುಕಿಗೆ ಮುಕ್ಕಾಲು ರೂಪಾಯಿ ಬೆಲೆ ಕಟ್ಟಿದರೆ ಮೊದಲನೆಯದು ೧೨೦, ಎರಡನೆಯದು ೧೨೫. ಎರಡನೆಯದೇ ಮೇಲು. ಆದರೆ ಚುರುಕಿನ ಬೆಲೆಯನ್ನು ಕಾಲು ರೂಪಾಯಿಗೆ ಇಳಿಸಿ ನೋಡಿ: ೧೦೦ ಮತ್ತು ೯೫. ನಿಲುವಂಗಿಗಳು ಅವೇ, ತೀರ್ಪು ಮಾತ್ರ ತಲೆಕೆಳಗು! ಕೂಡಿಸುವ ಕೆಲಸ ಯಂತ್ರದ್ದು. ಬೆಲೆ ಕಟ್ಟಿದವರು ಯಾರೆಂದು ಕೇಳುವ ಕೆಲಸ ಮನುಷ್ಯನದು. ಅದನ್ನು ಕೇಳುವವರು ವಿರಳ.

ಇದನ್ನು ಓದುವಾಗ ಗೃಹಿಣಿಯರಿಗೆ ಏನೋ ಪರಿಚಿತವಾದದ್ದು ಎನ್ನಿಸಿರಬೇಕು. ನಮ್ಮ ಸಾಲಾವಳಿಯೂ ಇಂಥದೇ ಅಲ್ಲವೆ? ವರ್ಣಕ್ಕೆ ೧, ವಶ್ಯಕ್ಕೆ ೨, ತಾರೆಗೆ ೩, ಯೋನಿಗೆ ೪, ಗ್ರಹಮೈತ್ರಿಗೆ ೫, ಗಣಕ್ಕೆ ೬, ರಾಶಿಗೆ ೭, ನಾಡಿಗೆ ೮. ಒಟ್ಟು ೩೬ ಗುಣ. ಹದಿನೆಂಟು ಬಂದರೆ ಮಾತು ಮುಂದುವರಿಯುತ್ತದೆ, ಬಾರದಿದ್ದರೆ ಜಾತಕ ಹಿಂದಿರುಗುತ್ತದೆ. ಲೂವಾ ಭಾಷೆಯ ನೆರವಿಲ್ಲದೆ, ಬರಿಯ ಪಂಚಾಂಗದಿಂದ, ಎಂಟು ಗುಣಗಳಿಗೂ ಬೆಲೆ ಕಟ್ಟಿ ಕೂಡಿಸಿದ ನಮ್ಮ ಹಿರಿಯರ ಜಾಣ್ಮೆಗೆ ತಲೆದೂಗಬೇಕು. ನಾಡಿಗೆ ಸೊನ್ನೆ ಬಂದರೆ ಮಿಕ್ಕವು ಎಷ್ಟೇ ಕೂಡಿದರೂ ಬೇಡವೆನ್ನುವವರಿದ್ದಾರೆ. ಆಟದಲ್ಲಿಯೂ ಇಂಥ ಕಟ್ಟಳೆಗಳುಂಟು. ೨೦೦೮ರಲ್ಲಿ ಬಂದ ‘ರಾತ್ ಆಫ್ ದಿ ಲಿಚ್ ಕಿಂಗ್’ ಎಂಬ ಆವೃತ್ತಿಯಲ್ಲಿ, ಇತರರ ನೆರವಿಲ್ಲದಿದ್ದರೆ, ದೊಡ್ಡ ದೈತ್ಯನ ಮೇಲೆ ಮಾಂತ್ರಿಕನು ಎಸೆದ ಮಂತ್ರಗಳಲ್ಲಿ ನೂರಕ್ಕೆ ೧೭ ಹುಸಿಹೋಗುತ್ತಿದ್ದವು. ಗುರಿಯ ಗುಣವುಳ್ಳ ಸಜ್ಜನ್ನು ತೊಟ್ಟು ಆ ಹದಿನೇಳನ್ನು ತುಂಬಿಕೊಳ್ಳುವವರೆಗೆ ಗುರಿಗೆ ಬಂಗಾರದ ಬೆಲೆ. ತುಂಬಿದ ಮರುಗಳಿಗೆಯಿಂದ ಕಾಸಿನ ಬೆಲೆಯೂ ಇಲ್ಲ.

ಇದೇ ಆವೃತ್ತಿಯ ಕಾಲದಲ್ಲಿ ‘ಗಿಯರ್‌ಸ್ಕೋರ್’ ಎಂಬ ಇನ್ನೊಂದು ಆಡ್‌ಆನ್ ಹಬ್ಬಿತು. ಪಾನ್ ವಸ್ತುವಿಗೆ ಬೆಲೆ ಕಟ್ಟಿದರೆ ಇದು ಮನುಷ್ಯನಿಗೇ ಕಟ್ಟಿತು. ಎದುರಿನವನು ತೊಟ್ಟ ಸಜ್ಜಿನ ಮಟ್ಟ, ಬಣ್ಣ, ತೊಡುವ ಸ್ಥಾನ, ಇವುಗಳಿಂದ ಒಂದೇ ಒಂದು ಸಂಖ್ಯೆ ಮಾಡಿ ಅವನ ಹೆಸರಿನ ಕೆಳಗೆ ಹಚ್ಚುತ್ತಿತ್ತು. ಆ ಸಜ್ಜು ಅವನ ವೇಷಕ್ಕೆ ಒಪ್ಪುವುದೋ ಇಲ್ಲವೋ ಎಂಬ ವಿಚಾರಣೆ ಅದಕ್ಕೆ ಬೇಡ. ಫಲವೇನಾಯಿತು? ದಂಡಯಾತ್ರೆಗೆ ಜನ ಸೇರಿಸುವ ನಾಯಕರು ‘ಐದು ಸಾವಿರಕ್ಕೆ ಕಡಿಮೆಯವರು ಬರಬೇಡಿ’ ಎಂಬಂತೆ ಸಾರತೊಡಗಿದರು. ಕೆಲವು ಆಟಗಾರರು, ಮನುಷ್ಯ ಮನುಷ್ಯರ ಕಾಳಗಕ್ಕಷ್ಟೇ ಉಪಯುಕ್ತವಾದ ಕವಚವನ್ನು ದೈತ್ಯನ ಮುಂದೆ ನಿರುಪಯುಕ್ತವೆಂದು ಗೊತ್ತಿದ್ದೂ ಸಂಖ್ಯೆಗಾಗಿ ತೊಟ್ಟು ಬಾಗಿಲಲ್ಲಿ ನಿಂತರು. ನಮ್ಮ ಹೂವಿನಹಡಗಲಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೀರು ಚಿಮುಕಿಸಿದ ಮಲ್ಲಿಗೆ ಮೊಗ್ಗು ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ. ಸಂಜೆಗೆ ಮುಡಿದವಳಿಗೆ ತಿಳಿಯುತ್ತದೆ ಅದು ಅರಳುವುದೋ ಕೊಳೆಯುವುದೋ ಎಂದು.

ಕಂಪನಿಯವರು ೨೦೧೦ರಲ್ಲಿ ಸಜ್ಜಿನ ಸರಾಸರಿ ಮಟ್ಟವನ್ನು ತಾವೇ ಆಟದಲ್ಲಿ ತೋರಿಸಲಾರಂಭಿಸಿದರು. ಅದರಿಂದ ರೋಗ ವಾಸಿಯಾಗಲಿಲ್ಲ. ರೋಗಕ್ಕೆ ಸರ್ಕಾರಿ ಮುದ್ರೆ ಬಿತ್ತೆಂದೇ ಹೇಳಬೇಕು. ಹಳೆಯ ಆವೃತ್ತಿಯನ್ನು ೨೦೨೨ರಲ್ಲಿ ‘ಕ್ಲಾಸಿಕ್’ ಎಂದು ಮತ್ತೆ ತೆರೆದಾಗ ಗಿಯರ್‌ಸ್ಕೋರೂ ಹಳೆಯ ನೆಂಟನಂತೆ ಬಂದು ಕುಳಿತಿತು.

ಆಗ ಅದರ ಬಿಸಿ ನಮ್ಮ ಮನೆಗೂ ತಟ್ಟಿತು. ನನ್ನ ಅಕ್ಕನ ಮಗ ಹಡಗಲಿಯ ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವವನು. ಅವನದು ಮಾಂತ್ರಿಕನ ವೇಷ. ವಾರಗಟ್ಟಲೆ ಜೊತೆಯಲ್ಲಿ ಆಡಿದ ತಂಡವೊಂದು, ಸಂಖ್ಯೆ ಸಾಲದೆಂದು ಒಂದು ಶನಿವಾರ ರಾತ್ರಿ ಅವನನ್ನು ಹೊರಗಿಟ್ಟಿತು. ಊಟ ಬಿಟ್ಟು ಕುಳಿತಿದ್ದ. “ಮಾವಾ, ಗುರಿಯ ಲೆಕ್ಕಕ್ಕಾಗಿಯೇ ನಾನು ಕೆಳಮಟ್ಟದ ಉಂಗುರ ಹಾಕಿದ್ದೆ. ಒಂದು ಮಂತ್ರವೂ ತಪ್ಪುತ್ತಿರಲಿಲ್ಲ. ಅದನ್ನು ಯಾರೂ ಕೇಳಲೇ ಇಲ್ಲ,” ಎಂದ. ಅಕ್ಕ ಒಳಗಿನಿಂದ, “ಇಲ್ಲದ ಉಂಗುರಕ್ಕೆ ಇಷ್ಟು ದುಃಖವೇನೋ!” ಎಂದಳು. ನನಗೆ ನಗು ಬರಲಿಲ್ಲ. ಉಂಗುರ ಇಲ್ಲದ್ದಿರಬಹುದು, ಹೊರಗಿಟ್ಟವರು ಇದ್ದವರೇ, ಹೊರಗುಳಿದವನೂ ಇದ್ದವನೇ.

ನಿಪುಣರಾದ ಆಟಗಾರರು ಈಗ ಒಂದೇ ಬೆಲೆಪಟ್ಟಿಯನ್ನು ನಂಬುವುದಿಲ್ಲ. ‘ಸಿಮ್ಯುಲೇಶನ್‌ಕ್ರಾಫ್ಟ್’ ಎಂಬ ತಂತ್ರಾಂಶವು ಅವರ ಸಜ್ಜನ್ನೆಲ್ಲ ತೆಗೆದುಕೊಂಡು ಒಂದೇ ಕಾಳಗವನ್ನು ಸಾವಿರಾರು ಸಲ ಕಾದಾಡಿಸಿ, ಯಾವ ಜೋಡಣೆಯಲ್ಲಿ ಪೆಟ್ಟು ಹೆಚ್ಚು ಬಿದ್ದಿತೆಂದು ಸರಾಸರಿ ತೆಗೆಯುತ್ತದೆ. ಒಂದು ಉಂಗುರ ಬದಲಾದರೆ ಉಳಿದೆಲ್ಲ ಗುಣಗಳ ಬೆಲೆಯೂ ಬದಲಾಗುತ್ತದೆಂಬುದು ಇದರಿಂದ ಎಲ್ಲರಿಗೂ ಮನವರಿಕೆಯಾಯಿತು. ೨೦೨೫ರಲ್ಲಿ ಕಂಪನಿಯು ಆಡ್‌ಆನ್‌ಗಳಿಗೆ ಹೊಸ ನಿರ್ಬಂಧಗಳನ್ನು ಸಾರಿತು. ಅದರ ಗುರಿ ಕಾಳಗದ ನಡುವೆ ಕಿವಿಯಲ್ಲಿ ಉಪಾಯ ಊದುವಂಥವು, ಸಜ್ಜು ತೂಗುವಂಥವಲ್ಲ. ತಕ್ಕಡಿ ಉಳಿಯುತ್ತದೆ. ಉಳಿಯಲಿ, ನೂರು ಕವಚಗಳ ರಾಶಿಯ ಮುಂದೆ ತಕ್ಕಡಿಯಿಲ್ಲದೆ ಕೂರುವುದು ಯಾರಿಗೂ ಸಾಧ್ಯವಲ್ಲ.

ಈ ವರ್ಷ ಅಕ್ಕ ಮಗನಿಗೆ ಹೆಣ್ಣು ನೋಡುತ್ತಿದ್ದಾಳೆ. ಹರಪನಹಳ್ಳಿಯ ಕಡೆಯ ಒಂದು ಮನೆಯವರು ಬಂದುಹೋದರು. ಹುಡುಗಿ ಓದಿದವಳು, ಹುಡುಗನೊಡನೆ ಒಂದು ಗಂಟೆ ಮಾತನಾಡಿದಳು, ಇಬ್ಬರೂ ನಕ್ಕದ್ದು ಪಡಸಾಲೆಯವರೆಗೆ ಕೇಳಿಸಿತು. ಸಾಲಾವಳಿಯಲ್ಲಿ ಬಂದದ್ದು ಹದಿನೇಳೂವರೆ. ಅಕ್ಕನ ಮುಖ ಸಣ್ಣದಾಯಿತು. ಹುಡುಗನು ಎಂಟು ಕೂಟಗಳನ್ನೂ ಒಂದು ಹಾಳೆಯ ಮೇಲೆ ಬರೆದು, ತಾಯಿಯ ಮುಂದಿಟ್ಟು, “ಅಮ್ಮಾ, ನಾಡಿಗೆ ಎಂಟು, ವರ್ಣಕ್ಕೆ ಒಂದು ಎಂದು ಬೆಲೆ ಕಟ್ಟಿದವರು ಯಾರು?” ಎಂದು ಕೇಳಿದ. ಅವಳು ಉತ್ತರ ಕೊಡಲಿಲ್ಲ. ಹಾಳೆಯನ್ನು ಹರಿಯಲೂ ಇಲ್ಲ. ಮಡಿಸಿ ಪಂಚಾಂಗದ ನಡುವೆ ಇಟ್ಟಿದ್ದಾಳೆ. ಹುಡುಗಿಯ ಮನೆಯವರು ಬರುವ ಸೋಮವಾರದವರೆಗೆ ಕಾಯುವುದಾಗಿ ಹೇಳಿಕಳಿಸಿದ್ದಾರೆ.